ಕಪಾಟಿನಲ್ಲಿ ಕಾಣದ ಹಾಡು: ಮುಂಬೈ, ಪುಣೆ, ಗೋವಾದ ಸಂಗೀತ ಸಂಗ್ರಹಗಳಲ್ಲಿ ಕೇಳಿ ಪಡೆಯುವುದು ಹೇಗೆ

ನಮ್ಮ ಡೊಂಬಿವ್ಲಿ ಮನೆಯ ಅಟ್ಟದ ಮೇಲೆ ಒಂದು ಗ್ರಾಮಫೋನ್ ಪ್ಲೇಟಿತ್ತು. ಹುಬ್ಬಳ್ಳಿಯಿಂದ ಅಜ್ಜಿಯ ಟ್ರಂಕಿನ ಜೊತೆ ಬಂದದ್ದು. ಲೇಬಲ್ಲಿನ ಅರ್ಧ ಭಾಗವನ್ನು ಜಿರಳೆ ತಿಂದಿತ್ತು. ಹೆಸರಿನ ಜಾಗದಲ್ಲಿ ಇಂಗ್ಲಿಷಿನ ಕೊನೆಯ ಐದು ಅಕ್ಷರ ಮಾತ್ರ ಉಳಿದಿದ್ದವು: '...ಧಾರಿ'. ಅಜ್ಜಿ ಅದನ್ನು 'ನಮ್ಮ ಗಂಗೂಬಾಯಿ ಪ್ಲೇಟು' ಅಂತಲೇ ಕರೆಯುತ್ತಿದ್ದಳು. ಅಡುಗೆ ಮಾಡುವಾಗ ಆ ಹಾಡು ಹಾಡಿಕೊಳ್ಳುತ್ತಿದ್ದಳು. ನಡುವೆ ಒಂದು ಕಡೆ ಮಾತು ಸರಿಯಾಗಿ ಕೂಡುತ್ತಿರಲಿಲ್ಲ, ಅರ್ಥವೂ ಆಗುತ್ತಿರಲಿಲ್ಲ. ನಾವು ಕೇಳಿದರೆ, ಹಾಡೇ ಹಾಗಿದೆ ಅನ್ನುತ್ತಿದ್ದಳು.

ಲಾಕ್‌ಡೌನ್ ಹೊತ್ತಿನಲ್ಲಿ ಸುಮ್ನೆ ಕೂರಲಾಗದೆ ಆ ಪ್ಲೇಟನ್ನು ಕೆಳಗಿಳಿಸಿ, ಸ್ಯಾನಿಟೈಸರ್ ಹಾಕಿ ಚೆನ್ನಾಗಿ ಉಜ್ಜಿದೆ. ಒಂದು ಬದಿ ಪೂರ್ತಿ ಹಾಳಾಯಿತು. ಯಾಕೆ ಹಾಳಾಯಿತು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಹಾಳು ಮಾಡಿದ ಆ ಬದಿಯನ್ನು ಒಂದು ಸಲ ಕೇಳಲೇಬೇಕು ಅಂತ ಹೊರಟೆ. ಸಂಗೀತದ ವಿಶೇಷ ಸಂಗ್ರಹಗಳಲ್ಲಿ ಕೆಲಸ ಮಾಡುವುದನ್ನು ಕಲಿತದ್ದು ಹಾಗೆ. ನನ್ನ ಥರ ಮುಂಬೈ, ಪುಣೆ, ಗೋವಾ ಕಡೆ ಇರುವ ಕನ್ನಡದವರಿಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ವಿಶೇಷ ಸಂಗ್ರಹ ಎಂದರೆ ಕಪಾಟಿನ ಮುಂದೆ ನಿಂತು, ಬೆನ್ನು ನೋಡಿ, ಎಳೆದು ತೆಗೆಯುವ ಪುಸ್ತಕಗಳಲ್ಲ. ಹಳೆ ಪ್ಲೇಟು, ಟೇಪು, ಕೈಬರಹದ ಹಾಳೆ, ಸಿನಿಮಾ ಹಾಡಿನ ಪುಸ್ತಿಕೆ, ಕಂಪನಿಯ ಕ್ಯಾಟಲಾಗು, ಇವೆಲ್ಲ ಒಳಗಿನ ಕೋಣೆಯಲ್ಲಿರುತ್ತವೆ. ನೀವು ಕೇಳಬೇಕು, ಅವರು ತಂದುಕೊಡಬೇಕು. ಕೇಳಿದ್ದು ತಪ್ಪಾದರೆ ಇದ್ದದ್ದೂ ಇಲ್ಲ ಅನ್ನಿಸಿಕೊಂಡು ವಾಪಸ್ ಬರುತ್ತೀರಿ. ಹಾಗಾಗಿ ಇಲ್ಲಿ ಹುಡುಕುವುದಕ್ಕಿಂತ ಕೇಳುವುದೇ ದೊಡ್ಡ ಕೆಲಸ.

1. ಒಂದೇ ಪ್ರಶ್ನೆ ಬರೆದುಕೊಳ್ಳಿ

'ಹಳೇ ಕನ್ನಡ ಹಾಡುಗಳು ಏನೇನಿವೆ?' ಎಂದು ಕೇಳಿದರೆ ಯಾವ ಗ್ರಂಥಪಾಲಕರಿಗೂ ಉತ್ತರ ಕೊಡಲಾಗುವುದಿಲ್ಲ. ಪ್ರಶ್ನೆ ಒಂದು ಚೀಟಿಯಲ್ಲಿ ಹಿಡಿಯುವಷ್ಟಿರಲಿ. ಯಾರು ಹಾಡಿದ್ದು, ಸುಮಾರು ಯಾವ ಕಾಲ, ಯಾವ ರೂಪ, ಇಷ್ಟು ಸಾಕು. 'ರೂಪ' ಎಂದರೆ ಪ್ಲೇಟೋ, ಸಂಗೀತ ಕಛೇರಿಯ ಟೇಪೋ, ಅಚ್ಚಾದ ಸ್ವರಲಿಪಿಯೋ, ಫೋಟೋನೋ ಎಂಬುದು. ಇದು ತುಂಬಾ ಮುಖ್ಯ. ಎಷ್ಟೋ ಕಡೆ ಒಂದೊಂದು ರೂಪಕ್ಕೆ ಒಂದೊಂದು ವಿಭಾಗ, ಒಂದೊಂದು ರಿಜಿಸ್ಟರ್ ಇರುತ್ತದೆ. ಪುಸ್ತಕದ ಕಂಪ್ಯೂಟರಿನಲ್ಲಿ ಪ್ಲೇಟು ಸಿಗಲಿಲ್ಲ ಎಂದ ಮಾತ್ರಕ್ಕೆ ಅಲ್ಲಿ ಪ್ಲೇಟು ಇಲ್ಲ ಎಂದಲ್ಲ.

2. ಹೆಸರಿನ ಎಲ್ಲ ವೇಷಗಳನ್ನೂ ಪಟ್ಟಿ ಮಾಡಿ

ನಾನು ಅತಿ ಹೆಚ್ಚು ಸಮಯ ಕಳೆದುಕೊಂಡದ್ದು ಇಲ್ಲೇ. ಆದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಪ್ಲೇಟುಗಳು ಬಂದದ್ದು 'ಗಾಂಧಾರಿ' ಎಂಬ ಹೆಸರಿನಲ್ಲಿ. 1930ರ ದಶಕದ ಮಾತು. 'ಗಂಗೂಬಾಯಿ' ಎಂದು ಹುಡುಕಿದರೆ ಅವು ಎದುರಿಗೆ ಬರುವುದೇ ಇಲ್ಲ. ನಮ್ಮ ಲೇಬಲ್ಲಿನ '...ಧಾರಿ' ಏನು ಅಂತ ನನಗೆ ಹೊಳೆದದ್ದು ಇದನ್ನು ತಿಳಿದ ಮೇಲೆ. ಅಜ್ಜಿ ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಮಾತ್ರ ಎರಡು ತಿಂಗಳು ಬೇರೆ ಹೆಸರಿನಲ್ಲಿ ಹುಡುಕುತ್ತಿದ್ದೆ.

ಭೀಮಸೇನ ಜೋಶಿಯವರ ಗುರು ಕುಂದಗೋಳದ ರಾಮಭಾವು ಅವರನ್ನು ಹುಡುಕುವಾಗ 'ಸವಾಯಿ ಗಂಧರ್ವ', 'ರಾಮಭಾವು', 'ಕುಂದಗೋಳಕರ' ಮೂರನ್ನೂ ಹಾಕಿ. ಸೂಳೇಭಾವಿಯ ಶಿವಪುತ್ರ ಕೊಂಕಾಳಿಮಠ ಚಿಕ್ಕಂದಿನಲ್ಲೇ ಕುಮಾರ ಗಂಧರ್ವ ಆಗಿಬಿಟ್ಟರು. ಹಾಗಾಗಿ ಅವರ ಊರಿನ ಹೆಸರು, ಮನೆತನದ ಹೆಸರು ನಿಮಗೆ ಏನೂ ಸಹಾಯ ಮಾಡುವುದಿಲ್ಲ. ಬೀಳಗಿಯ ಅಮೀರಬಾಯಿ ಮಾತ್ರ ಮುಂಬೈ ಸಿನಿಮಾದಲ್ಲಿ ಹಾಡುವಾಗಲೂ ಹೆಸರಿನ ಜೊತೆ 'ಕರ್ನಾಟಕಿ' ಅಂತ ಇಟ್ಟುಕೊಂಡರು. ನಮ್ಮ ಪುಣ್ಯ.

ಕಾಗುಣಿತವನ್ನೂ ಬಿಡಬೇಡಿ. ಧಾರವಾಡ ಹಳೆ ಇಂಗ್ಲಿಷ್ ದಾಖಲೆಗಳಲ್ಲಿ 'ಧಾರವಾರ್' ಆಗಿರುತ್ತದೆ. ಗಾಯಕ ಮಲ್ಲಿಕಾರ್ಜುನ ಮನ್ಸೂರ್ ಹೆಸರಿಗೆ ಇಂಗ್ಲಿಷಿನಲ್ಲಿ 'ಯು' ಒಂದೇ ಇರಬಹುದು, 'ಓ' ಎರಡಿರಬಹುದು. ಇನ್ನು ಭಾಷೆಯ ಹೆಸರು! ಬ್ರಿಟಿಷರ ಕಾಲದ ಎಷ್ಟೋ ಪಟ್ಟಿಗಳಲ್ಲಿ 'ಕನ್ನಡ' ಎಂಬ ಮಾತು ಇರುವುದಿಲ್ಲ. 'ಕೆನರೀಸ್' ಎಂದಿರುತ್ತದೆ. ಅದನ್ನೂ ಒಂದು ಕಡೆ 'ಸಿ' ಅಕ್ಷರದಿಂದ, ಇನ್ನೊಂದು ಕಡೆ 'ಕೆ' ಅಕ್ಷರದಿಂದ ಬರೆದಿರುತ್ತಾರೆ. ಕಾರ್ಡ್ ಡಬ್ಬದಲ್ಲಿ ಎರಡೂ ಡ್ರಾಯರ್ ಎಳೆದು ನೋಡಿ.

ಗೋವಾದ ಕಾಗದಗಳಿಗೆ ಬೇರೆಯದೇ ಲೆಕ್ಕ. ಪೋರ್ಚುಗೀಸ್ ಕಾಗುಣಿತದಲ್ಲಿ 'ಕೇರಿ' ಎಂಬ ಊರು 'ಕ್ಯೂ' ಅಕ್ಷರದಿಂದ ಶುರುವಾಗುತ್ತದೆ. ಗಾಯಕಿ ಕೇಸರಬಾಯಿ ಕೇರಕರ್ ಅವರ ಊರು ಅದೇ ಕೇರಿ. ರೋಮನ್ ಲಿಪಿಯ ಕೊಂಕಣಿಯಲ್ಲಿ ನಮ್ಮ 'ಶ'ಕ್ಕೆ 'ಎಕ್ಸ್' ಬರೆಯುತ್ತಾರೆ. ಇದು ಗೊತ್ತಿಲ್ಲದೆ ಹೋದರೆ ಅರ್ಧ ಹಾಡುಗಳು ಕೈ ತಪ್ಪುತ್ತವೆ.

ಜೊತೆಗೆ ನಾಲ್ಕು ಮರಾಠಿ ಮಾತು ಕಲಿತಿಟ್ಟುಕೊಳ್ಳಿ. ಪ್ಲೇಟಿಗೆ 'ತಬಕಡಿ', ಅಪರೂಪದ ಪುಸ್ತಕಕ್ಕೆ 'ದುರ್ಮಿಳ ಗ್ರಂಥ', ಕೈಬರಹದ ಪ್ರತಿಗೆ 'ಹಸ್ತಲಿಖಿತ', ರೆಫರೆನ್ಸ್ ವಿಭಾಗಕ್ಕೆ 'ಸಂದರ್ಭ ವಿಭಾಗ'. ಕೌಂಟರಿನಲ್ಲಿ 'ದುರ್ಮಿಳ' ಎಂಬ ಒಂದು ಮಾತು ಬಂದ ಕೂಡಲೇ ಎದುರಿನವರ ಮುಖ ಬದಲಾಗುವುದನ್ನು ನಾನೇ ನೋಡಿದ್ದೇನೆ. 'ಓಲ್ಡ್ ಬುಕ್ಸ್' ಅಂದರೆ ರದ್ದಿ ಕಡೆ ಕೈ ತೋರಿಸುತ್ತಾರೆ.

3. ಯಾವ ಬಾಗಿಲು ತಟ್ಟಬೇಕು

ಮುಂಬೈಯಲ್ಲಿ ಎಲ್ಲರೂ ಮೊದಲು ಹೇಳುವ ಹೆಸರು ನರೀಮನ್ ಪಾಯಿಂಟಿನ ಎನ್‌ಸಿಪಿಎ (ನ್ಯಾಷನಲ್ ಸೆಂಟರ್ ಫಾರ್ ದಿ ಪರ್ಫಾರ್ಮಿಂಗ್ ಆರ್ಟ್ಸ್). 1969ರಲ್ಲಿ ಶುರುವಾದ ಸಂಸ್ಥೆ. ಅಲ್ಲಿ ಗ್ರಂಥಾಲಯವೂ ಇದೆ, ಧ್ವನಿಮುದ್ರಣಗಳ ಸಂಗ್ರಹವೂ ಇದೆ. 1970ರ ನಂತರದ ಕಛೇರಿಗಳು ಬೇಕಿದ್ದರೆ ಅಲ್ಲಿಂದ ಶುರು ಮಾಡಿ. ಅಜ್ಜಿ ಕಾಲದ ಪ್ಲೇಟು ಬೇಕಿದ್ದರೆ ಅದು ಮೊದಲ ಬಾಗಿಲಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ಲೇಟಿನ ಜಾಡು ಹಿಡಿಯುವವರಿಗೆ ಸಂಗ್ರಾಹಕರೇ ಗತಿ. ಮುಂಬೈಯಲ್ಲಿ 1990ರಲ್ಲಿ ಹುಟ್ಟಿದ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಎಂಬ ಬಳಗವಿದೆ. ಅವರು 'ದಿ ರೆಕಾರ್ಡ್ ನ್ಯೂಸ್' ಎಂಬ ಪತ್ರಿಕೆ ತರುತ್ತಿದ್ದರು. ಗಾಯಕರ ಪ್ಲೇಟುಗಳ ಪಟ್ಟಿ, ನಂಬರು, ಲೇಬಲ್ ಚಿತ್ರ ಎಲ್ಲ ಅದರಲ್ಲಿ ಸಿಗುತ್ತವೆ. ಹಳೆಯ ಸಂಚಿಕೆಗಳು ಇಂಟರ್ನೆಟ್ಟಿನಲ್ಲೂ ಇವೆ. ಮನೆ ಬಿಡುವ ಮುಂಚೆ ಒಂದು ರಾತ್ರಿ ಕೂತು ಓದಿ. ನೂರು ರೂಪಾಯಿ ರೈಲು ಖರ್ಚು ಉಳಿಯುತ್ತದೆ.

ಹಳೆಯ ಅಚ್ಚಿನ ಪುಸ್ತಕ, ಪತ್ರಿಕೆ ನೋಡಲು ಫೋರ್ಟಿನ ಟೌನ್ ಹಾಲಿನಲ್ಲಿರುವ ಏಷಿಯಾಟಿಕ್ ಸೊಸೈಟಿ ಇದೆ. ಅದರ ಮೂಲ 1804ರದು. ಮರಾಠಿ ಸಂಗೀತ ನಾಟಕದ ಪುಸ್ತಕಗಳಿಗೆ 1898ರ ಮುಂಬೈ ಮರಾಠಿ ಗ್ರಂಥ ಸಂಗ್ರಹಾಲಯ. ಹಳೆ ಪತ್ರಿಕೆಗಳಲ್ಲಿ ಲೇಖನಕ್ಕಿಂತ ಜಾಹೀರಾತು ನೋಡಿ. ಪ್ಲೇಟ್ ಕಂಪನಿಗಳು ಹೊಸ ಪ್ಲೇಟುಗಳನ್ನು ಅಲ್ಲಿ ಸಾರುತ್ತಿದ್ದವು. ಒಂದು ಪ್ಲೇಟು ಯಾವ ವರ್ಷದ್ದು ಅನ್ನುವುದು ಲೇಬಲ್ಲಿನಲ್ಲಿ ಇರುವುದಿಲ್ಲ, ಜಾಹೀರಾತಿನ ತಾರೀಕಿನಿಂದ ತಿಳಿಯುತ್ತದೆ.

ಮಾತುಂಗಾದ ಮೈಸೂರು ಅಸೋಸಿಯೇಷನ್ 1926ರಿಂದ ಇದೆ. ಕಲೀನಾದಲ್ಲಿ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಇವು ಸಂಗೀತದ ಸಂಗ್ರಹಾಲಯಗಳಲ್ಲ. ಆದರೆ ಯಾವ ಕಾಲದಲ್ಲಿ ಯಾವ ನಾಟಕ ಕಂಪನಿ ಬಂದಿತ್ತು, ಯಾರ ಕಛೇರಿ ಎಲ್ಲಾಯಿತು ಎಂಬುದು ಬೇಕಾದರೆ ಅಲ್ಲಿನ ಸ್ಮರಣ ಸಂಚಿಕೆಗಳನ್ನು ಕೇಳಿ. ಸಂಗೀತದ ಗ್ರಂಥಾಲಯದವರು ಇಂಥ ಸಂಚಿಕೆಗಳನ್ನು ಪುಸ್ತಕ ಅಂತ ಎಣಿಸುವುದಿಲ್ಲ. ನನಗಂತೂ ಅವುಗಳಷ್ಟು ರುಚಿಯಾದ ಓದು ಬೇರೆ ಇಲ್ಲ.

ಪುಣೆಗೆ ಹೋದರೆ ಲಾ ಕಾಲೇಜ್ ರಸ್ತೆ ಒಂದರಲ್ಲೇ ಎರಡು ದಿನದ ಕೆಲಸವಿದೆ. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಅಲ್ಲಿದೆ. 1964ರದು. ಸಿನಿಮಾ ಸಂಗ್ರಹದಲ್ಲಿ ಸಂಗೀತಕ್ಕೇನು ಕೆಲಸ ಅನ್ನಬೇಡಿ. ಹಾಡಿನ ಪುಸ್ತಿಕೆಗಳು ಅಲ್ಲಿವೆ. ಹಿಂದೆ ಟಾಕೀಸಿನ ಹೊರಗೆ ಕಾಸಿಗೆ ಮಾರುತ್ತಿದ್ದರಲ್ಲ, ಕಥಾಸಾರ, ಹಾಡುಗಳ ಸಾಹಿತ್ಯ, ಪಾತ್ರವರ್ಗ ಇರುವ ನಾಲ್ಕೈದು ಹಾಳೆಯವು, ಅವೇ. 1934ರ 'ಸತಿ ಸುಲೋಚನ' ನಮ್ಮ ಮೊದಲ ಕನ್ನಡ ಟಾಕಿ, ಚಿತ್ರೀಕರಣವಾದದ್ದು ಕೊಲ್ಲಾಪುರದಲ್ಲಿ. ಅದರ ರೀಲು ಈಗ ಉಳಿದಿಲ್ಲ. ಹೀಗೆ ರೀಲು ಹೋದ ಚಿತ್ರಗಳ ಹಾಡು ಏನಿತ್ತು ಅಂತ ತಿಳಿಯಲು ಇಂಥ ಹಾಳೆಗಳೇ ಆಧಾರ.

ಅದೇ ರಸ್ತೆಯ ಕಡೆ ಭಾಂಡಾರಕರ್ ಸಂಸ್ಥೆ ಇದೆ. 1917ರಲ್ಲಿ ಶುರುವಾದದ್ದು. ಅಲ್ಲಿ ಹಸ್ತಪ್ರತಿಗಳು. ಅವುಗಳ ವಿವರಣಾತ್ಮಕ ಸೂಚಿ ಅಚ್ಚಾಗಿದೆ. ಅಲಂಕಾರ, ಸಂಗೀತ, ನಾಟ್ಯ ಮೂರನ್ನೂ ಸೇರಿಸಿದ ಒಂದು ಸಂಪುಟವೇ ಇದೆ. ಮೊದಲು ಆ ಸಂಪುಟ ಕೇಳಿ, ಅದರಲ್ಲಿ ನಂಬರ್ ನೋಡಿ, ಆಮೇಲೆ ಹಸ್ತಪ್ರತಿ ಕೇಳಿ. ಈ ಕ್ರಮ ತಪ್ಪಿಸಿದರೆ ಅವರಿಗೂ ತಲೆನೋವು, ನಿಮಗೂ ತಲೆನೋವು. ಇನ್ನೊಂದು ವಿಷಯ: ಶಾಸ್ತ್ರಗ್ರಂಥ ಓದಬೇಕಿದ್ದರೆ ನೇರ ಹಸ್ತಪ್ರತಿಗೆ ಕೈ ಹಾಕಬೇಕಾಗಿಲ್ಲ. ಪುಣೆಯ ಆನಂದಾಶ್ರಮ 1896-97ರಲ್ಲೇ 'ಸಂಗೀತ ರತ್ನಾಕರ'ವನ್ನು ಕಲ್ಲಿನಾಥನ ವ್ಯಾಖ್ಯಾನದ ಜೊತೆ ಅಚ್ಚು ಹಾಕಿತು. ಗ್ರಂಥ ಹುಟ್ಟಿದ್ದು ದೇವಗಿರಿಯಲ್ಲಿ, ವ್ಯಾಖ್ಯಾನ ನಮ್ಮ ವಿಜಯನಗರದಲ್ಲಿ, ಅಚ್ಚಾದದ್ದು ಪುಣೆಯಲ್ಲಿ. ಆ ಮುದ್ರಣವೂ ಈಗ ಅಪರೂಪದ ಪುಸ್ತಕವೇ.

ವಾದ್ಯ ನೋಡಬೇಕಿದ್ದರೆ ಪುಣೆಯ ರಾಜಾ ದಿನಕರ ಕೇಳಕರ್ ಸಂಗ್ರಹಾಲಯ. ಅಷ್ಟೇ ಹೇಳುತ್ತೇನೆ, ಅದಕ್ಕೆ ಟಿಕೆಟ್ ಸಾಕು, ಚೀಟಿ ಬೇಡ.

ಗೋವಾದಲ್ಲಿ ಪಣಜಿಯ ಪಾಟ್ಟೊದ ರಾಜ್ಯ ಕೇಂದ್ರ ಗ್ರಂಥಾಲಯ. ಇದು 1832ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಶುರುವಾದ ಗ್ರಂಥಾಲಯದ ಮುಂದುವರಿಕೆ. ಈಗ ಕೃಷ್ಣದಾಸ ಶಾಮಾ ಅವರ ಹೆಸರು ಹೊತ್ತಿದೆ. ಹಳೆಯ ಪೋರ್ಚುಗೀಸ್, ಕೊಂಕಣಿ ಪತ್ರಿಕೆಗಳು ಬೇಕಿದ್ದರೆ ಅಲ್ಲಿಗೇ ಹೋಗಬೇಕು. ಗೋವಾದಲ್ಲಿ ಚರ್ಚಿನ ಶಾಲೆಗಳು ಮಕ್ಕಳಿಗೆ ಪಾಶ್ಚಾತ್ಯ ಸ್ವರಲಿಪಿ ಕಲಿಸುತ್ತಿದ್ದವು. ಮುಂಬೈ ಸಿನಿಮಾ ವಾದ್ಯವೃಂದಗಳಲ್ಲಿ ಗೋವಾದವರು ಅಷ್ಟು ಜನ ಇದ್ದದ್ದು ಅದಕ್ಕೇ. ಆದ್ದರಿಂದ ಅಲ್ಲಿ 'ಸಂಗೀತದ ಹಾಳೆ' ಎಂದರೆ ಐದು ಗೆರೆಯ ಮೇಲೆ ಕಾಳು ಕೂರಿಸಿದ ಹಾಳೆ. ಸರಿಗಮ ನಿರೀಕ್ಷಿಸಿಕೊಂಡು ಹೋಗಬೇಡಿ.

4. ಮೊದಲು ಪತ್ರ, ಆಮೇಲೆ ಪಯಣ

ಹೋಗುವ ಎರಡು ವಾರ ಮುಂಚೆ ಈಮೇಲ್ ಬರೆಯಿರಿ. ಮೂರು ದಿನ ಬಿಟ್ಟು ಫೋನ್ ಮಾಡಿ. ಬರೀ ಈಮೇಲ್ ನಂಬಿಕೊಂಡು ಕೂರಬೇಡಿ. ಪತ್ರದಲ್ಲಿ ನಿಮ್ಮ ಹೆಸರು, ಏನು ಬೇಕು, ಯಾಕೆ ಬೇಕು, ಯಾವ ದಿನ ಬರುತ್ತೀರಿ, ಇಷ್ಟೇ ಇರಲಿ. 'ಸಂಶೋಧಕ' ಅಲ್ಲದಿದ್ದರೆ ಅಲ್ಲ ಅಂತಲೇ ಹೇಳಿ. 'ನಮ್ಮ ಅಜ್ಜಿಯ ಹತ್ತಿರ ಇದ್ದ ಪ್ಲೇಟಿನ ಇನ್ನೊಂದು ಪ್ರತಿ ಕೇಳಬೇಕು' ಎಂದು ನಾನು ಬರೆದ ಪತ್ರಕ್ಕೆ ಬೇಗ ಉತ್ತರ ಬಂತು. ಅದಕ್ಕೂ ಮುಂಚೆ ದೊಡ್ಡದಾಗಿ 'ಸಾಂಸ್ಕೃತಿಕ ಅಧ್ಯಯನ' ಅಂತೆಲ್ಲ ಬರೆದದ್ದಕ್ಕೆ ಉತ್ತರವೇ ಬಂದಿರಲಿಲ್ಲ.

ಕೆಲವು ಕಡೆ ಸದಸ್ಯರ ಶಿಫಾರಸು ಅಥವಾ ಕಾಲೇಜಿನ ಪತ್ರ ಕೇಳುತ್ತಾರೆ. ಆಧಾರ್ ಪ್ರತಿ, ಎರಡು ಫೋಟೋ ಜೇಬಿನಲ್ಲಿರಲಿ. ಒಂದು ವಿಷಯ ಫೋನಿನಲ್ಲೇ ಖಚಿತ ಮಾಡಿಕೊಳ್ಳಿ: ಪ್ಲೇಟು ಅಥವಾ ಟೇಪು ಇದ್ದರೆ ಅದನ್ನು ನುಡಿಸುವ ಯಂತ್ರ ನಡೆಯುತ್ತಿದೆಯಾ? ಒಂದು ಕಡೆ ನನಗೆ ಬೇಕಾದ ಟೇಪು ಮೇಜಿನ ಮೇಲೆ ತಂದಿಟ್ಟರು, ಮಷಿನ್ ಮಾತ್ರ ಎರಡು ವರ್ಷದಿಂದ ರಿಪೇರಿಗೆ ಹೋಗಿತ್ತು. ಡಬ್ಬದ ಮೇಲಿನ ಬರಹ ಓದಿಕೊಂಡು, ವಡಾಪಾವ್ ತಿಂದು ವಾಪಸ್ ಬಂದೆ.

ಮಳೆಗಾಲದಲ್ಲಿ ಹೋಗದಿದ್ದರೆ ಒಳ್ಳೆಯದು. ಲೋಕಲ್ ನಿಲ್ಲುತ್ತದೆ ಅಂತಲ್ಲ. ತೇವ ಜಾಸ್ತಿ ಇದ್ದಾಗ ಹಳೆಯ ಹಾಳೆಗಳನ್ನು ಹೊರಗೆ ತೆಗೆಯಲು ಅವರೇ ಹಿಂಜರಿಯುತ್ತಾರೆ, ಹಿಂಜರಿಯಲೂಬೇಕು.

5. ಓದುವ ಮೇಜಿನ ಮೇಲೆ

ಪೆನ್ಸಿಲ್ ಒಯ್ಯಿರಿ, ಪೆನ್ನು ಬೇಡ. ನೀರಿನ ಬಾಟಲ್ ಬ್ಯಾಗಿನಲ್ಲೇ ಇರಲಿ. ಕೈ ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿಕೊಳ್ಳಿ. ಹಳೆಯ ಕಾಗದಕ್ಕೆ ಗ್ಲೌಸ್ ಹಾಕಿದರೆ ಬೆರಳಿಗೆ ಸ್ಪರ್ಶ ತಿಳಿಯದೆ ಹಾಳೆ ಹರಿಯುವುದೇ ಹೆಚ್ಚು. ಸ್ವಚ್ಛ ಕೈಯೇ ಮೇಲು. ಫೋಟೋ ಮತ್ತು ಟೇಪಿಗೆ ಮಾತ್ರ ಗ್ಲೌಸ್ ಕೊಟ್ಟರೆ ಹಾಕಿಕೊಳ್ಳಿ. ಪ್ಲೇಟನ್ನು ಅಂಚು ಮತ್ತು ಲೇಬಲ್ ಮಾತ್ರ ತಾಗುವ ಹಾಗೆ ಎರಡು ಕೈಯಲ್ಲಿ ಹಿಡಿಯಿರಿ, ಬಿಸಿ ದೋಸೆ ಎತ್ತುವ ಹಾಗೆ ಬೆರಳ ತುದಿಯಲ್ಲಿ ಬೇಡ.

ಒಂದು ಸಲಕ್ಕೆ ಒಂದೇ ವಸ್ತು ಕೇಳಿ. ಹಾಳೆಗಳು ಕಟ್ಟಿದ ಕ್ರಮದಲ್ಲೇ ಇರಲಿ. ನಿಮಗೆ ತಪ್ಪು ಕ್ರಮ ಅನ್ನಿಸಿದರೂ ನೀವಾಗಿ ಸರಿ ಮಾಡಬೇಡಿ.

ಹಳೆಯ ಸ್ವರಲಿಪಿ ಪುಸ್ತಕ ಕೈಗೆ ಬಂದರೆ ಮೊದಲು ಅದು ಭಾತಖಂಡೆ ಪದ್ಧತಿಯೋ, ಪಲುಸ್ಕರ್ ಪದ್ಧತಿಯೋ ನೋಡಿ. ವಿಷ್ಣು ನಾರಾಯಣ ಭಾತಖಂಡೆ ಮುಂಬೈಯ ವಾಳಕೇಶ್ವರದವರು, 1860ರಲ್ಲಿ ಹುಟ್ಟಿದವರು. ಅವರ ಪದ್ಧತಿಯಲ್ಲಿ ಕೋಮಲ ಸ್ವರಕ್ಕೆ ಕೆಳಗೆ ಅಡ್ಡಗೆರೆ, ತೀವ್ರ ಮಧ್ಯಮಕ್ಕೆ ಮೇಲೆ ನೇರ ಗೆರೆ. ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ. ಪಲುಸ್ಕರ್ ಪದ್ಧತಿಯ ಚಿಹ್ನೆಗಳೇ ಬೇರೆ. ಒಂದನ್ನು ಇನ್ನೊಂದರಂತೆ ಓದಿದರೆ ರಾಗವೇ ಕೆಟ್ಟುಹೋಗುತ್ತದೆ. ಪುಸ್ತಕದ ಮೊದಲ ಪುಟಗಳಲ್ಲಿ ಚಿಹ್ನೆಗಳ ಕೋಷ್ಟಕ ಇರುತ್ತದೆ. ಆ ಪುಟದ ಫೋಟೋ ಮೊದಲು ತೆಗೆಯಿರಿ, ಹಾಡಿನ ಪುಟ ಆಮೇಲೆ. ಮನೆಗೆ ಬಂದ ಮೇಲೆ ಬೇಕಾಗುವುದು ಅದೇ.

6. ಪ್ಲೇಟನ್ನು ಓದಿ, ಆಮೇಲೆ ಕೇಳಿ

ಪ್ಲೇಟಿನಲ್ಲಿ ಎರಡು ನಂಬರ್ ಇರುತ್ತವೆ. ಒಂದು ಲೇಬಲ್ ಮೇಲೆ ಅಚ್ಚಾದ ಕ್ಯಾಟಲಾಗ್ ನಂಬರ್, ಅಂಗಡಿಯವನಿಗೆ ಬೇಕಾದದ್ದು. ಇನ್ನೊಂದು ಮ್ಯಾಟ್ರಿಕ್ಸ್ ನಂಬರ್. ಅದನ್ನು ಗೀರುಗಳು ಮುಗಿದು ಲೇಬಲ್ ಶುರುವಾಗುವ ನಡುವಿನ ಖಾಲಿ ಉಂಗುರದಲ್ಲಿ, ಕೆಲವು ಸಲ ಲೇಬಲ್ಲಿನ ಅಡಿಯಲ್ಲೇ, ಪ್ಲೇಟಿನ ಮೈಯಲ್ಲೇ ಒತ್ತಿರುತ್ತಾರೆ. ಒಂದೊಂದು ಬದಿಗೆ ಒಂದೊಂದು. ಆ ಬದಿಯ ಧ್ವನಿಮುದ್ರಣದ ಗುರುತು ಅದೇ.

ನನಗೆ ಸಹಾಯಕ್ಕೆ ಬಂದದ್ದು ಇದು. ಜಿರಳೆ ಲೇಬಲ್ಲಿನ ಕಾಗದ ತಿನ್ನುತ್ತದೆ, ಪ್ಲೇಟಿನ ಅರಗು ತಿನ್ನುವುದಿಲ್ಲ. ಮೊಬೈಲ್ ಟಾರ್ಚನ್ನು ಪ್ಲೇಟಿನ ಪಕ್ಕದಲ್ಲಿ, ಹೆಚ್ಚುಕಡಿಮೆ ಮಲಗಿಸಿ ಹಿಡಿದೆ. ಕಪ್ಪು ಉಂಗುರದಲ್ಲಿ ಏನೂ ಕಾಣದ ಜಾಗದಿಂದ ನೆರಳಿನ ಹಾಗೆ ಅಂಕಿಗಳು ಎದ್ದವು. ಎರಡು ಬದಿಯ ಎರಡು ನಂಬರ್, ಜೊತೆಗೆ 'ಗಾಂಧಾರಿ' ಎಂಬ ಹೆಸರು. ಇಷ್ಟು ಹಿಡಿದುಕೊಂಡು ಹೋದ ಮೇಲೆ ಹುಡುಕಾಟ ಅರ್ಧ ಗಂಟೆಯಲ್ಲಿ ಮುಗಿಯಿತು.

ಇನ್ನು ವೇಗ. '78' ಎನ್ನುತ್ತೇವೆ, ನಿಜ. ಆದರೆ ಮೊದಮೊದಲ ಪ್ಲೇಟುಗಳು ಎಲ್ಲವೂ ನಿಮಿಷಕ್ಕೆ 78 ಸುತ್ತಿಗೇ ಮುದ್ರಣವಾದವಲ್ಲ. ಭಾರತದಲ್ಲಿ ಗ್ರಾಮಫೋನ್ ಕಂಪನಿ ಮೊದಲ ಸಲ ಹಾಡು ಹಿಡಿದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಗೌಹರ್ ಜಾನ್ ಆಗ ಹಾಡಿದರು. ಅಂದಿನ ಯಂತ್ರಗಳು ಒಂದಿಷ್ಟು ಹೆಚ್ಚುಕಡಿಮೆ ಓಡುತ್ತಿದ್ದವು. 78ರಲ್ಲಿ ನುಡಿಸಬೇಕಾದದ್ದನ್ನು 82, 83ಕ್ಕೆ ತಿರುಗಿಸಿದರೆ ಶ್ರುತಿ ಅರ್ಧ ಸ್ವರ ಏರುತ್ತದೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕರಿ ಒಂದು ಇದ್ದದ್ದು ಬಿಳಿ ಎರಡಾಗುತ್ತದೆ. ಗಂಡು ದನಿ ಹೆಣ್ಣು ದನಿಯ ಕಡೆ ವಾಲುತ್ತದೆ, ತಾನ್ (ಸ್ವರಗಳ ವೇಗದ ಓಟ) ಮಿಂಚಿನ ಹಾಗೆ ಕೇಳುತ್ತದೆ. 'ಆಗಿನವರ ತಾನ್ ಅಂದರೆ ತಾನ್' ಎಂದು ಬೆರಗಾಗುವ ಮುಂಚೆ ವೇಗ ಎಷ್ಟಿಟ್ಟಿದ್ದಾರೆ ಅಂತ ಕೇಳಿ. ಯೂಟ್ಯೂಬಿನಲ್ಲಿ ಕೇಳುವಾಗಲೂ ಈ ಅನುಮಾನ ಇರಲಿ.

ಹತ್ತು ಇಂಚಿನ ಪ್ಲೇಟಿನ ಒಂದು ಬದಿ ಸುಮಾರು ಮೂರು ನಿಮಿಷ. ಒಂದು ರಾತ್ರಿ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸಿದ್ದಾರೆ. ಆದ್ದರಿಂದ ಕೇಳುವಾಗ ಸೆಕೆಂಡ್ ಲೆಕ್ಕದಲ್ಲಿ ಗುರುತು ಹಾಕಿಕೊಳ್ಳಿ: ಆಲಾಪ ಎಲ್ಲಿಗೆ ಮುಗಿಯಿತು, ಅಂತರಾ (ಹಾಡಿನ ಎರಡನೇ ಭಾಗ) ಎಲ್ಲಿ ಬಂತು, ಕೊನೆಯಲ್ಲಿ ಹೆಸರು ಹೇಳಿದರಾ. ಹಳೆಯ ಗಾಯಕರು ಎಷ್ಟೋ ಜನ ಹಾಡು ಮುಗಿದ ಕೂಡಲೇ ತಮ್ಮ ಹೆಸರು ಹೇಳಿದ್ದಾರೆ. ಲೇಬಲ್ ಹೋಗಿದ್ದರೆ ಅದೂ ಒಂದು ಗುರುತು. ಕೊನೆಯ ಗೀರಿನ ತನಕ ಸೂಜಿ ಎತ್ತಿಸಬೇಡಿ.

7. ಪ್ರತಿ ಬೇಕೆಂದರೆ

ಕೇಳಲು ಬಿಟ್ಟರು ಅಂದ ಮಾತ್ರಕ್ಕೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಬಹುದು ಅಂತಲ್ಲ. ಬಾಯಿಬಿಟ್ಟು ಕೇಳಿ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದ ಮೊದಲ ದಿನದಿಂದ 60 ವರ್ಷ. ಅಂದರೆ 1960ರಲ್ಲಿ ಹೊರಬಂದ ಪ್ಲೇಟಿನ ಹಕ್ಕು 2020ರ ಕೊನೆಗೆ ಮುಗಿಯಿತು. ಆದರೆ ಸಾಹಿತ್ಯ, ಸಂಗೀತ ರಚನೆಗೆ ಬೇರೆ ಲೆಕ್ಕ: ಬರೆದವರು, ರಚಿಸಿದವರು ತೀರಿದ ಮೇಲೆ 60 ವರ್ಷ. ವಚನ, ದಾಸರ ಪದಗಳ ಸಾಹಿತ್ಯಕ್ಕೆ ಈ ತಾಪತ್ರಯವಿಲ್ಲ. ಸಿನಿಮಾ ಹಾಡಿಗೆ ಇರಬಹುದು. ಬಿಡುಗಡೆಯೇ ಆಗದ ಕಛೇರಿಯ ಟೇಪಿಗೆ ಈ ಸುಲಭದ ಲೆಕ್ಕ ಹಚ್ಚಬೇಡಿ. ಗಾಯಕರ ಮನೆಯವರನ್ನು, ಟೇಪು ಕೊಟ್ಟವರನ್ನು ಕೇಳುವುದು ಕಾನೂನಿಗಿಂತ ಮೊದಲು ಮರ್ಯಾದೆ.

ಹಕ್ಕು ಮುಗಿದಿದ್ದರೂ ಪ್ರತಿ ಕೊಡುವುದು ಬಿಡುವುದು ಸಂಗ್ರಹದವರ ನಿಯಮ. ಜಗಳ ಬೇಡ. ನಾಳೆ ಮತ್ತೆ ಅದೇ ಕೌಂಟರಿಗೆ ಹೋಗಬೇಕಲ್ಲ.

8. ನಿಮ್ಮ ಮನೆಯ ಅಟ್ಟದಲ್ಲಿ ಇದ್ದರೆ

ಈಗ ನನ್ನ ಪಾಪದ ಕಥೆ. ಹಳೆಯ 78ರ ಪ್ಲೇಟು ಅರಗಿನದು. ಅರಗು, ಕಲ್ಲಿನ ಪುಡಿ, ಮಸಿ ಸೇರಿಸಿ ಒತ್ತಿದ್ದು. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಬಡಗಿ ಪಾಲಿಶ್ ಮಾಡಲು ಅರಗನ್ನು ಸ್ಪಿರಿಟ್ಟಿನಲ್ಲೇ ಕರಗಿಸುತ್ತಾನೆ, ಅಲ್ವಾ? ಸ್ಯಾನಿಟೈಸರಿನಲ್ಲಿ ಇರುವುದು ಬಹುಪಾಲು ಅದೇ. ನಾನು ಉಜ್ಜಿದ್ದು ಕೊಳೆಯನ್ನಲ್ಲ, ಗೀರುಗಳನ್ನೇ. ಬಟ್ಟೆ ಕಪ್ಪಾಗುತ್ತಾ ಹೋದಷ್ಟೂ ಕೊಳೆ ಬಿಡುತ್ತಿದೆ ಅಂತ ಖುಷಿಪಟ್ಟೆ. ದುರ್ಯೋಧನ ಅರಗಿನ ಮನೆಯನ್ನು ಸುಡಿಸಲು ಹೊರಟ, ನಾನು ಹೆಚ್ಚುಕಡಿಮೆ ಅದೇ ಕೆಲಸವನ್ನು ಹತ್ತು ಇಂಚಿನ ಅಳತೆಯಲ್ಲಿ ಮಾಡಿದೆ.

ಸರಿಯಾದ ವಿಧಾನ ಹೀಗೆ. ಮೊದಲು ಮೆತ್ತನೆಯ ಒಣ ಬ್ರಶ್ಶಿನಿಂದ ಗೀರಿನ ದಿಕ್ಕಿನಲ್ಲೇ, ಸುತ್ತಲೂ ತಿರುಗಿಸುತ್ತಾ, ಧೂಳು ತೆಗೆಯಿರಿ. ಆಮೇಲೂ ಜಿಡ್ಡಿದ್ದರೆ ಡಿಸ್ಟಿಲ್ಡ್ ನೀರಿಗೆ ಒಂದೇ ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಬಟ್ಟೆ ಅದ್ದಿ ಹಿಂಡಿ ಒರೆಸಿ. ಬರೀ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ, ಕೂಡಲೇ ಒಣಗಿಸಿ. ಲೇಬಲ್ಲಿಗೆ ನೀರು ತಾಗಬಾರದು. ನೆನೆಸಿಡಲೇಬೇಡಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಇಳಿಯಬೇಡಿ.

ಪ್ಲೇಟುಗಳನ್ನು ಒಂದರ ಮೇಲೊಂದು ಮಲಗಿಸಿ ಪೇರಿಸಬೇಡಿ, ಅಡಿಯದು ಬಿರಿಯುತ್ತದೆ. ಪುಸ್ತಕದ ಹಾಗೆ ನೇರ ನಿಲ್ಲಿಸಿ, ವಾಲದಂತೆ ಒತ್ತಾಗಿರಲಿ. ಅಟ್ಟದಲ್ಲಿ ಸೆಕೆ, ಕೆಳಗೆ ನೀರು ನುಗ್ಗುವ ಭಯ. ಮನೆಯೊಳಗಿನ ಗೋಡೆಯ ಕಪಾಟು, ಮಧ್ಯದ ಸಾಲು, ಅದೇ ಸರಿ. ಹಳೆಯ ಕಾಗದದ ಚೀಲ ಬೂಷ್ಟು ಹಿಡಿದಿದ್ದರೂ ಎಸೆಯಬೇಡಿ. ಅದರ ಮೇಲೆ ಅಂಗಡಿಯ ಹೆಸರಿರುತ್ತದೆ. ಬೇರೆ ಕವರಿನಲ್ಲಿ ಇಟ್ಟು, ಪ್ಲೇಟಿಗೆ ಹೊಸ ಚೀಲ ಹಾಕಿ. ಎಲ್‌ಪಿ (ಆಮೇಲೆ ಬಂದ ವಿನೈಲ್ ಪ್ಲೇಟು) ನುಡಿಸುವ ಸೂಜಿಯಿಂದ 78 ನುಡಿಸಬೇಡಿ. 78ರ ಗೀರು ಅಗಲ, ಸೂಜಿಯೂ ಅಗಲದ್ದೇ ಬೇಕು.

ಸಂಗ್ರಹಕ್ಕೆ ಕೊಡುವ ಮನಸ್ಸಿದ್ದರೆ ಮೂಟೆ ಕಟ್ಟಿ ಬಾಗಿಲಲ್ಲಿ ಇಳಿಸಿ ಬರಬೇಡಿ. ಪಟ್ಟಿ ಮಾಡಿ ಕಳಿಸಿ. ಅವರ ಹತ್ತಿರ ಇರುವುದನ್ನೇ ಮತ್ತೆ ತೆಗೆದುಕೊಳ್ಳಲು ಜಾಗ ಇರುವುದಿಲ್ಲ. ಪ್ಲೇಟಿನ ಜೊತೆ ಒಂದು ಹಾಳೆ ಬರೆದು ಕೊಡಿ: ಯಾರು ಕೊಂಡದ್ದು, ಯಾವ ಊರಲ್ಲಿ, ಮನೆಯಲ್ಲಿ ಯಾವಾಗ ನುಡಿಸುತ್ತಿದ್ದರು. ಆ ಹಾಳೆ ಬೇರೆ ಯಾವ ಪ್ರತಿಯ ಜೊತೆಗೂ ಇರುವುದಿಲ್ಲ.

ನಾನು ಹುಡುಕುತ್ತಿದ್ದ ಬದಿ ಕೊನೆಗೆ ಒಬ್ಬ ಸಂಗ್ರಾಹಕರ ಮನೆಯಲ್ಲಿ ಸಿಕ್ಕಿತು. ಮ್ಯಾಟ್ರಿಕ್ಸ್ ನಂಬರ್ ಎರಡು ಸಲ ಹೋಲಿಸಿ ನೋಡಿದೆವು. ಅವರು ಸೂಜಿ ಇಟ್ಟರು. ಅಜ್ಜಿ ಎಡವುತ್ತಿದ್ದ ಜಾಗ ಬಂತು. ಹಾಡು ಎಡವಲಿಲ್ಲ. ಅಲ್ಲಿ ಎರಡು ಮಾತು ಇದ್ದವು, ಅರ್ಥವೂ ಸಲೀಸಾಗಿ ಕೂಡಿತು. ನಮ್ಮ ಪ್ಲೇಟಿನಲ್ಲಿ ಆ ಜಾಗದಲ್ಲಿ ಗೀಚು ಬಿದ್ದು ಸೂಜಿ ಹಾರುತ್ತಿತ್ತು. ಅಜ್ಜಿ ಹಾಡು ಕಲಿತದ್ದು ಆ ಹಾರಿಕೆಯ ಸಮೇತ. ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಆ ಎರಡು ಮಾತು ಬರೆದು, ಪಕ್ಕದಲ್ಲಿ 'ಒಂದು ನಿಮಿಷ ನಲವತ್ತು ಸೆಕೆಂಡ್' ಅಂತ ಹಾಕಿಕೊಂಡೆ. ಆಮೇಲೆ ಅವರು ಪ್ಲೇಟನ್ನು ಚೀಲಕ್ಕೆ ಹಾಕಿ ಸಾಲಿನಲ್ಲಿ ನಿಲ್ಲಿಸಿದರು.